ಪೂಜೆಯ ಗಾಡಿಗೆ ಕೊರೆಯದ ತೂತು

ನನ್ನ ಗಂಡನ ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹರೆಯದಿಂದ ಮುಪ್ಪಿನವರೆಗೆ ಯಂತ್ರದ ಪಕ್ಕದಲ್ಲೇ ನಿಂತ ಮನುಷ್ಯ. ಮೊದಲು ಗುಬ್ಬಿಗಳ ಸದ್ದು ಹೋಯಿತು, ಆಮೇಲೆ ಬಾಗಿಲು ಬಡಿಯುವುದು, ಆಮೇಲೆ ಮೊಮ್ಮಕ್ಕಳ ಮಾತು, ಕಡೆಗೆ ನಾನು. ನನ್ನ ಮಾತು ಹೋದದ್ದಕ್ಕೆ ಅವನೇನೂ ಮರುಗಲಿಲ್ಲ. ಕಿವಿ ನೆಟ್ಟಗಿದ್ದಾಗಲೂ ಅವನು ನನ್ನ ಮಾತು ಕೇಳಿದ್ದು ಅಷ್ಟಕ್ಕಷ್ಟೆ.

ಅವನು ಕುಸಿದದ್ದು ಸೋಮವಾರದ ಭಜನೆ ತಪ್ಪಿದಾಗ. ದಮ್ಮಡಿ ಬಡಿಯುವುದರಲ್ಲಿ ಅವನದು ಒಳ್ಳೆಯ ಕೈ. ಕಿವಿ ಮಂದವಾದಂತೆ ತಾಳ ಮುಂದಕ್ಕೆ ಓಡತೊಡಗಿತು. ಹಾಡುವವರು ಹಿಂದೆ, ಇವನು ಮುಂದೆ. ಮೊದಲು ಕಣ್ಣಲ್ಲೇ ಸನ್ನೆ ಮಾಡಿದರು, ಆಮೇಲೆ ಮೊಣಕೈಯಿಂದ ತಿವಿದರು. ಒಂದು ಸೋಮವಾರ ಅವನ ಕೈಯಿಂದ ದಮ್ಮಡಿ ತೆಗೆದುಕೊಂಡು, ಪ್ರಸಾದ ಕೊಟ್ಟು, ಮೂಲೆಯಲ್ಲಿ ಕೂರಿಸಿದರು. ಮನೆಗೆ ಬಂದವನು ಮತ್ತೆ ಭಜನೆಗೆ ಹೋಗಲಿಲ್ಲ. ಮಾತೂ ನಿಲ್ಲಿಸಿದ. ಹಸಿವಾದರೆ ತಟ್ಟೆ ತೋರಿಸುವುದು, ನೀರಡಿಕೆಯಾದರೆ ಚೊಂಬು. ಗೋಡೆಯನ್ನು ನೋಡುತ್ತ ಕುಳಿತ ಗಂಡಸಿನ ಎದುರು ದಿನವಿಡೀ ಇರುವುದು ಹೇಗಿರುತ್ತದೆಂದು ಗೋಡೆಗೇ ಗೊತ್ತು, ನನಗೆ ಗೊತ್ತು.

ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಒಬ್ಬ ಡಾಕ್ಟರಿಗೆ ತೋರಿಸಿದೆವು. ಕಿವಿಗೆ ಸಿಕ್ಕಿಸುವ ಮಷೀನು ಕೊಟ್ಟರು. ಅದು ಮಾತನ್ನು ಬಿಟ್ಟು ಫ್ಯಾನಿನ ಗಾಳಿಯನ್ನು ಕೇಳಿಸಿತು. ನಾಲ್ಕು ದಿನಕ್ಕೆ ಅದನ್ನು ಕಿತ್ತು ಎಲೆ ಅಡಿಕೆ ಡಬ್ಬಿಯಲ್ಲಿ ಹಾಕಿಟ್ಟ. ನರವೇ ಸತ್ತಿದೆ, ದಪ್ಪ ಸದ್ದು ಏನಾದರೂ ಒಂದಿಷ್ಟು ತಾಗಬಹುದು ಎಂದು ಡಾಕ್ಟರು ಹೇಳಿದರು.

ಆ ದಪ್ಪ ಸದ್ದು ಯಾವುದೆಂದು ಗೊತ್ತಾದದ್ದು ನಮ್ಮ ಓಣಿಯಲ್ಲಿ ಮದುವೆಯ ಮೆರವಣಿಗೆ ಹೋದಾಗ. ಡಿಜೆ ಗಾಡಿ ನಮ್ಮ ಮನೆಯ ಎದುರಿಗೆ ಬಂತು. ಅಡುಗೆಮನೆಯ ತಟ್ಟೆಗಳೆಲ್ಲ ನಡುಗಿದವು. ನಾನು ಬೈಯುತ್ತ ಹೊರಗೆ ಬಂದರೆ ಮುದುಕ ಬಾಗಿಲಲ್ಲಿ ನಿಂತು ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದ. ಬೆರಳುಗಳು ತಾಳ ಹಾಕುತ್ತಿದ್ದವು. ತಪ್ಪಿಲ್ಲದ ತಾಳ.

"ಇಲ್ಲಿ ಕೇಳಾಕತ್ತೈತಿ," ಎಂದು ಎದೆ ತೋರಿಸಿದ. ತಿಂಗಳುಗಟ್ಟಲೆ ಆದಮೇಲೆ ಆಡಿದ ಮೊದಲ ಮಾತು ಅದು.

ಮಗ ಬಾಡಿಗೆ ಗಾಡಿ ಓಡಿಸುತ್ತಾನೆ. ಸಿರುಗುಪ್ಪ, ಕುರುಗೋಡು, ಬಳ್ಳಾರಿ, ಇಷ್ಟರಲ್ಲೇ ಅವನ ತಿರುಗಾಟ. ಆಗಷ್ಟೇ ಮೂರು ಸಾಲು ಸೀಟಿನ ಹೊಸ ಗಾಡಿ ತಂದಿದ್ದ. ಕುರುಗೋಡಿನ ಬಸವಣ್ಣನ ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ್ದೆವು. ಬಾನೆಟ್ಟಿಗೆ ವಿಭೂತಿ ಎಳೆದವಳು ನಾನೇ.

"ಯಮ್ಮಾ, ಅಪ್ಪಗ ಗಾಡ್ಯಾಗ ಬೇಸ್ ಬಾಕ್ಸ್ ಹಾಕಿಸ್ತೀನಿ," ಎಂದ ಮಗ. "ಗ್ಲಾಸ್ ಏರಿಸಿ ಕುಂತ್ರ ಡಿಜೆಕಿಂತ ಚಲೋ ಬಡಿತೈತಿ."

"ಅದನ್ನ ಕೇಳಿ ಪ್ಯಾಸೆಂಜರ್ ಓಡಿಹೋಗ್ತಾರಲೇ."

"ಪ್ಯಾಸೆಂಜರ್ ಇದ್ದಾಗ ಬಂದ್. ಅಪ್ಪ ಇದ್ದಾಗ ಚಾಲೂ."

ಬಳ್ಳಾರಿಯಲ್ಲಿ ಗಾಡಿಗಳಿಗೆ ಹಾಡಿನ ಸೆಟ್ಟು ಕೂರಿಸುವ ಒಬ್ಬ ಮೇಸ್ತ್ರಿಯ ಹತ್ತಿರ ಹೋದೆವು. ಕೊನೆಯ ಸಾಲಿನ ಸೀಟು ಮಡಿಸಿ ಅಲ್ಲಿ ಬಾಕ್ಸ್ ಇಡುವುದು, ನಡುವಿನ ಸೀಟಿನಲ್ಲಿ ಮುದುಕ ಕುಳಿತು ಹಿಂದಕ್ಕೆ ಕೈ ಚಾಚಿ ಬಾಕ್ಸಿನ ಮೇಲೆ ಅಂಗೈ ಇಡುವುದು ಎಂದು ಮಾತಾಯಿತು. ಆ ಬಾಕ್ಸಿಗೆ ಕರೆಂಟು ಬಹಳ ಬೇಕಂತೆ. ಸ್ಟೀರಿಯೊದ ಸಣ್ಣ ವೈರು ತಡೆಯುವುದಿಲ್ಲ. ಬಾನೆಟ್ಟಿನೊಳಗಿನ ಬ್ಯಾಟರಿಯಿಂದಲೇ ನೇರ ಹಿಂದಕ್ಕೆ ಕಿರುಬೆರಳು ದಪ್ಪದ ಕೆಂಪು ವೈರು ಎಳೆಯಬೇಕು. ಇನ್ನೊಂದು ತೊಂದರೆಯೂ ಇತ್ತು. ಬೆಳಗಿನ ಹೊತ್ತು ಬಾಡಿಗೆ ಹೊರಡುವ ಮೊದಲು ಮುದುಕ ಮನೆಯ ಮುಂದೆ ನಿಂತ ಗಾಡಿಯಲ್ಲೇ ಕುಳಿತು ಕೇಳುವವನು. ಇಂಜಿನ್ ಆರಿಸಿ ಹಾಡು ಹಾಕಿದರೆ ಅರ್ಧ ತಾಸಿಗೆ ಬ್ಯಾಟರಿ ಕೂತುಬಿಡುತ್ತದೆ, ಆಮೇಲೆ ಓಣಿಯವರೆಲ್ಲ ಸೇರಿ ಗಾಡಿ ತಳ್ಳಬೇಕು. ಅದಕ್ಕೇ ಬಾಕ್ಸಿನ ಪಕ್ಕದಲ್ಲಿ ಎರಡನೆಯ ಬ್ಯಾಟರಿ. ಗಾಡಿ ಓಡುವಾಗ ಎರಡೂ ತುಂಬಿಕೊಳ್ಳುತ್ತವೆ, ನಿಂತಾಗ ಹಾಡು ಹಿಂದಿನದನ್ನು ತಿನ್ನುತ್ತದೆ. ಪೆನ್ ಡ್ರೈವ್ ಚುಚ್ಚುವ ಸಣ್ಣ ಡಬ್ಬಿಯನ್ನೂ ಮೇಸ್ತ್ರಿ ಹಿಂದಿನ ಬ್ಯಾಟರಿಗೇ ಸೇರಿಸಿದ.

ಎಲ್ಲ ಸರಿಯಿತ್ತು. ಮೇಸ್ತ್ರಿ ಕೈಗೆ ಡ್ರಿಲ್ಲು ತೆಗೆದುಕೊಂಡ.

"ಅದ್ಯಾಕಪ್ಪ?" ಎಂದೆ.

"ಇಂಜಿನ್ನಿಗೂ ಒಳಗಿಗೂ ನಡುವ ತಗಡು ಐತಲ್ಲಮ್ಮ, ಅದಕ್ಕೊಂದು ತೂತು. ರಬ್ಬರ್ ಬುಷ್ ಕೂಡ್ಸಿ ಅದರಾಗಿಂದ ವೈರ್ ತರ್ತೀನಿ."

"ಪೂಜಿ ಮಾಡಿದ ಗಾಡಿಗೆ ತೂತು ಹೊಡಿತೀಯೇನು? ಬ್ಯಾಡ."

ನಮ್ಮ ಮನೆಯಲ್ಲಿ ಹೊಸ ಬಾಗಿಲ ಚೌಕಟ್ಟಿಗೆ ವರ್ಷ ತುಂಬುವವರೆಗೆ ಮೊಳೆ ಹೊಡೆಯುವುದಿಲ್ಲ. ತೋರಣವನ್ನೂ ದಾರದಲ್ಲಿ ಕಟ್ಟುತ್ತೇವೆ. ನನ್ನ ಅತ್ತೆ ಹೇಳಿದ್ದು, ಅವಳಿಗೆ ಅವಳ ಅತ್ತೆ ಹೇಳಿದ್ದು. ಚೌಕಟ್ಟಿಗೆ ಇರುವ ನೇಮ ಗಾಡಿಗೂ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಹಚ್ಚಿದೆ.

ಮೇಸ್ತ್ರಿ ನಕ್ಕ. "ಅಮ್ಮಾ, ಗಾಡಿ ಮಾಡ್ದಾಗ್ಲೇ ಕಂಪನಿಯವ್ರು ನೂರು ತೂತು ಹೊಡ್ದಾರ್ರಿ."

"ಅವರು ಪೂಜಿಗೆ ಮುಂಚೆ ಹೊಡ್ದಾರ. ನೀನು ಹಿಂದಾಗಡೆ ಹೊಡಿಯಾಕ ಬಂದೀದಿ."

ಮಗ ನನ್ನ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ. "ಹೋಗ್ಲಿ ಬಿಡ್ರಿ ಅಣ್ಣಾ, ಬ್ಯಾರೆ ದಾರಿ ನೋಡ್ರಿ. ಈಕಿ ಹೂಂ ಅನ್ನೋದಿಲ್ಲ."

ಬೇರೆ ದಾರಿ ಒಂದೇ ಇತ್ತು. ಬಾನೆಟ್ಟಿನ ಅಂಚಿನಿಂದ ವೈರು ಹೊರಗೆ ತಂದು, ಮುಂದಿನ ಎಡಬಾಗಿಲ ಸಂದಿನಲ್ಲಿ ಇಳಿಸಿ, ರಬ್ಬರಿನ ಕೆಳಗೆ ಅಡಗಿಸಿ, ಕಾಲೊರಸಿನ ಅಡಿಯಲ್ಲಿ ಹಿಂದಕ್ಕೆ ಎಳೆದ. ನೆಗೆಟಿವ್ ವೈರನ್ನು ಸೀಟ್ ಬೆಲ್ಟಿನ ಬೋಲ್ಟಿಗೇ ಕೊಟ್ಟ, ಅಲ್ಲಿ ತೂತು ಬೇಕಾಗಲಿಲ್ಲ. ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕುಳಿತಿದ್ದೆ. ಹಿಂದಿನ ಬ್ಯಾಟರಿಯ ಹತ್ತಿರ ಒಂದು ಫ್ಯೂಸು ಕೂರಿಸಿದ. "ಮುಂದಿನ ಬ್ಯಾಟರಿ ಹತ್ರನೂ ಒಂದು ಬೇಕು. ಇವತ್ತು ಇಲ್ಲ, ತರಿಸಿಡ್ತೀನಿ, ಬರೋ ವಾರ ಬರ್ರಿ. ಮರೀಬ್ಯಾಡ್ರಿ," ಎಂದ. ಮಗ ತಲೆ ಆಡಿಸಿದ. ಆ ವಾರ ಮದುವೆ ಬಾಡಿಗೆಗಳಿದ್ದವು. ಅದರ ಮುಂದಿನ ವಾರವೂ ಇದ್ದವು. ಹಾಡು ಚೆನ್ನಾಗಿಯೇ ಬರುತ್ತಿತ್ತು, ಅದಕ್ಕೇ ಯಾರೂ ಹೋಗಲಿಲ್ಲ.

ಮುದುಕ ಬದಲಾದ. ಬೆಳಗ್ಗೆ ನಾನು ಕಸ ಹೊಡೆಯುವ ಮೊದಲೇ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಗಾಡಿಯ ಬಾಗಿಲ ಬಳಿ ನಿಂತಿರುತ್ತಿದ್ದ. ಗಾಜು ಏರಿಸಿ, ಬಾಗಿಲು ಮುಚ್ಚಿ, ಬಾಕ್ಸಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಪೆನ್ ಡ್ರೈವಿನಲ್ಲಿ ಮಗ ಭಜನೆ ತುಂಬಿಸಿದ್ದ. ಪದ ಕೇಳಿಸುತ್ತಿರಲಿಲ್ಲ, ಬಡಿತವೊಂದೇ ಸಾಕು, ಪದವನ್ನು ಅವನೇ ತುಂಬಿಕೊಳ್ಳುತ್ತಿದ್ದ. ಗಾಡಿಯಿಂದ ಇಳಿದ ಮೇಲೆ ಒಂದೆರಡು ತಾಸು ಮನುಷ್ಯನಂತೆ ಇರುತ್ತಿದ್ದ. ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದ. ನನ್ನನ್ನು ಬೈಯುತ್ತಿದ್ದ. ಬೈಸಿಕೊಂಡು ನನಗೆ ಹಾಯೆನಿಸಿದ್ದು ಅದೇ ಮೊದಲು.

ಆ ಎಡಬಾಗಿಲು ನನ್ನದು. ಎಲ್ಲಿಗೆ ಹೊರಟರೂ ನಾನು ಮುಂದೆ, ಮಗನ ಪಕ್ಕ. ನಾನು ಬಾಗಿಲನ್ನು ಮೆಲ್ಲಗೆ ಹಾಕುವವಳಲ್ಲ. ಬಸ್ಸಿನ ಬಾಗಿಲು ಎಳೆದು ಎಳೆದು ಬಂದ ರೂಢಿ.

"ಯಮ್ಮಾ, ಮೆಲ್ಲಕ. ಕ್ವಾಣ ಒದ್ದಂಗ ಹಾಕ್ತೀ," ಎನ್ನುತ್ತಿದ್ದ ಮಗ.

"ಬಾಗ್ಲಾ ಬೀಳ್ಬೇಕಲ್ಲಲೇ."

ಹೀಗೆ ಎಂಟು ತಿಂಗಳು ನನ್ನ ಕೈಯಿಂದಲೇ ಆ ವೈರನ್ನು ಜಜ್ಜಿದೆ. ರಬ್ಬರಿನ ಅಡಿಯಲ್ಲಿ ಅದರ ಕೆಂಪು ಸಿಪ್ಪೆ ಸುಲಿದು ಒಳಗಿನ ತಾಮ್ರ ತಗಡಿಗೆ ಹತ್ತಿರವಾಗುತ್ತಿತ್ತು. ಅದು ನಮಗೆ ಕಾಣುತ್ತಿರಲಿಲ್ಲ.

ಕುರುಗೋಡಿನಲ್ಲಿ ನನ್ನ ತಂಗಿಯ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಮೂವರೂ ಹೊರಟೆವು. ಸಿರಿಗೇರಿ ದಾಟಿ ಸ್ವಲ್ಪ ಮುಂದೆ ಚಹದ ಅಂಗಡಿ ಕಂಡಿತು, ನಿಲ್ಲಿಸು ಎಂದೆ. ಮಗ ಇಂಜಿನ್ ಆರಿಸಿ ಇಳಿದ. ಹಿಂದೆ ಭಜನೆ ಬಡಿಯುತ್ತಿತ್ತು. ಮುದುಕ ಕಣ್ಣು ಮುಚ್ಚಿ ಬಾಕ್ಸಿನ ಮೇಲೆ ಕೈಯಿಟ್ಟು ಕುಳಿತಿದ್ದ. ಅವನಿಗೆ ಚಹ ಅಲ್ಲಿಗೇ ತಂದು ಕೊಡೋಣವೆಂದು ನಾನೂ ಇಳಿದು, ನನ್ನ ಬಾಗಿಲನ್ನು ಎಂದಿನಂತೆ ಹಾಕಿದೆ.

ಚಹದ ಗ್ಲಾಸು ಕೈಗೆ ಬರುವಷ್ಟರಲ್ಲಿ ಅಂಗಡಿಯವನು ನನ್ನ ಹಿಂದಕ್ಕೆ ನೋಡಿ ಕೂಗಿದ: "ಏಯ್, ಗಾಡ್ಯಾಗ ಹೊಗಿ!"

ಮುಂದಿನ ಗಾಜಿನೊಳಗೆ ಬೂದು ಹೊಗೆ ತುಂಬಿತ್ತು. ನನ್ನ ಸೀಟಿನ ಕೆಳಗೆ ಕಾಲೊರಸು ಉರಿಯುತ್ತಿತ್ತು. ಮಗ ಬಾನೆಟ್ಟಿಗೆ ಓಡಿದ. ಅಂಗಡಿಯವನು, ರಸ್ತೆಯಲ್ಲಿ ಹೋಗುತ್ತಿದ್ದವರು, ನಾನು, ಎಲ್ಲರೂ ಒಂದೇ ಸಮ ಕೂಗಿದೆವು. "ಇಳೀರಿ! ಇಳೀರಿ! ಅಜ್ಜಾ, ಕೆಳಗ ಇಳಿ!"

ಮುದುಕ ಕದಲಲಿಲ್ಲ. ಬಡಿತ ನಿಂತಿರಲಿಲ್ಲ.

ಮೇಸ್ತ್ರಿ ಆಮೇಲೆ ವಿವರಿಸಿದ. ಜಜ್ಜಿದ ವೈರು ತಗಡಿಗೆ ತಾಗಿ ಶಾರ್ಟ್ ಆದಾಗ ಹಿಂದಿನ ಫ್ಯೂಸು ತನ್ನ ಕೆಲಸ ಮಾಡಿತು, ಹಾರಿಹೋಗಿ ಹಿಂದಿನ ಬ್ಯಾಟರಿಯನ್ನು ಬೇರೆ ಮಾಡಿತು. ಆ ಬ್ಯಾಟರಿ ಸುಖವಾಗಿ ಹಾಡನ್ನು ನಡೆಸುತ್ತಲೇ ಇತ್ತು. ಮುಂದೆ ಫ್ಯೂಸು ಇರಲಿಲ್ಲ, ಅಲ್ಲಿಯ ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ವೈರಿಗೆ ಸುರಿದು ಅದನ್ನು ಕೆಂಡ ಮಾಡಿತು. ಹಾಡು ನಿಂತಿದ್ದರೆ ಮುದುಕ ಕಣ್ಣು ತೆರೆಯುತ್ತಿದ್ದ. ಹಾಡು ನಿಲ್ಲಲಿಲ್ಲ.

ನಾನು ಹಿಂದಿನ ಬಾಗಿಲು ಎಳೆದು, ಅವನ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದೆ. ಅವನು ಕೆಮ್ಮುತ್ತಲೇ ನನ್ನ ಕೈಯನ್ನು ಕೊಡವಿದ. "ಯಾಕ ಎಳಿತೀಲೇ? ಪದ ಮುಗಿಲಿ!" ಎಂದು ಗದರಿದ. ಕೆಮ್ಮಿಗೂ ಕಣ್ಣು ತೆರೆದಿರಲಿಲ್ಲ. ಇನ್ನೊಮ್ಮೆ ಜಗ್ಗಿದೆ, ಇಬ್ಬರೂ ಮಣ್ಣಿನ ಮೇಲೆ ಬಿದ್ದೆವು. ಆಗ ಕಣ್ಣು ತೆರೆದು ಹೊಗೆ ಕಂಡ. ಮಗ ಟವೆಲು ಸುತ್ತಿದ ಕೈಯಿಂದ ಬ್ಯಾಟರಿಯ ವೈರು ಕಿತ್ತೊಗೆದ. ಅಂಗಡಿಯವನು ಬಕೆಟ್ಟಿನಲ್ಲಿ ಮರಳು ತಂದು ಸುರಿದ. ಬೆಂಕಿ ಆರಿತು. ನನ್ನ ಸೀಟು ಸುಟ್ಟಿತ್ತು. ಅಷ್ಟಾದರೂ ಹಿಂದೆ ಭಜನೆ ನಡೆದೇ ಇತ್ತು. ಮಗ ಹೋಗಿ ಪೆನ್ ಡ್ರೈವ್ ಕಿತ್ತು ರಸ್ತೆಯಾಚೆ ಎಸೆದ.

ಮುದುಕನಿಗೆ ಎರಡು ದಿನ ಆಸ್ಪತ್ರೆಯಾಯಿತು, ಹೊಗೆ ಕುಡಿದ ಎದೆಗೆ. ಅವನು ಮನೆಗೆ ಬರುವಷ್ಟರಲ್ಲಿ ಮಗ ಗಾಡಿಯಿಂದ ಬಾಕ್ಸು, ಬ್ಯಾಟರಿ, ವೈರು ಎಲ್ಲ ಬಿಚ್ಚಿಹಾಕಿದ್ದ. ಗಾಡಿಯ ರಿಪೇರಿ ಮುಗಿಯಿತು. ಬೆಳಗ್ಗೆ ಮುದುಕ ಎಂದಿನಂತೆ ಎಣ್ಣೆ ಹಚ್ಚಿಕೊಂಡು ಹೋಗಿ ನಡುವಿನ ಸೀಟಿನಲ್ಲಿ ಕುಳಿತ. ಹಿಂದಕ್ಕೆ ಕೈ ಚಾಚಿದ. ಏನೂ ಸಿಗಲಿಲ್ಲ. ಆದರೂ ಕುಳಿತ. ಹಾಡು ತಡವಾಗಿದೆ ಅಂದುಕೊಂಡನೋ ಏನೋ. ಹತ್ತು ದಿನ ಹಾಗೇ ಕುಳಿತ.

ಹನ್ನೊಂದನೆಯ ದಿನ ಮಗನಿಗೆ ಹೇಳಿದೆ. "ತೂತು ಹೊಡ್ಸಿ ಸರಿಯಾಗಿ ಹಾಕಿಸಲೇ. ಎರಡೂ ಕಡೆ ಫ್ಯೂಸ್ ಇಡ್ಸು. ನಾನೇ ಹೇಳಾಕತ್ತೀನಿ."

"ಅವತ್ತು ಹೇಳ್ಬೇಕಿತ್ತು," ಎಂದ. ದನಿ ಏರಿಸಲಿಲ್ಲ. "ಅಪ್ಪ ಕಣ್ಮುಚ್ಚಿ ಕುಂತದ್ದು ನನಗ ದಿನಾ ಕಾಣ್ತೈತಿ. ಇನ್ನ ಗಾಡ್ಯಾಗ ಬ್ಯಾಡ ಯಮ್ಮಾ. ನನ್ನ ಕೈಲಿ ಆಗಂಗಿಲ್ಲ."

ಮನೆಯೊಳಗೆ ಹಚ್ಚಿ ನೋಡೋಣ ಎಂದೆ. ಅದಕ್ಕೆ ಒಪ್ಪಿದ. ಪಡಸಾಲೆಯಲ್ಲಿ ಬಾಕ್ಸು, ಪಕ್ಕದಲ್ಲಿ ಬ್ಯಾಟರಿ, ಎರಡು ಮೊಳ ವೈರು, ನಡುವೆ ಫ್ಯೂಸು. ಕಿಟಕಿ ಮುಚ್ಚಿದೆವು. ಮಗ ಬೇರೆ ಪೆನ್ ಡ್ರೈವ್ ಚುಚ್ಚಿ ಹಾಡು ಹಾಕಿದ. ಗೂಡಿನ ಲೋಟಗಳು ಕುಣಿದವು. ಮುದುಕ ಬಂದು ಕುಳಿತು ಬಾಕ್ಸಿನ ಮೇಲೆ ಅಂಗೈ ಇಟ್ಟ. ಅಂಗೈಗೆ ನಡುಕ ತಾಗಿತು, ಎದೆಗೆ ಏನೂ ಬರಲಿಲ್ಲ. ಗಾಡಿಯ ಮುಚ್ಚಿದ ಡಬ್ಬಿಯಲ್ಲಿ ಗಾಳಿ ಎದೆಯನ್ನು ಒದೆಯುತ್ತಿತ್ತಂತೆ; ಪಡಸಾಲೆಯ ಎತ್ತರದ ತಗಡಿನ ಛಾವಣಿಯ ಕೆಳಗೆ ಆ ಗಾಳಿ ಹರಡಿಹೋಯಿತು. ಮಗ ಸದ್ದು ಏರಿಸಿದ. ಮುದುಕ ಎದೆಯನ್ನೇ ಬಾಕ್ಸಿಗೆ ಒತ್ತಿಕೊಂಡ. ಆಮೇಲೆ ಕೆನ್ನೆ ಇಟ್ಟ. ಬೆರಳು ತಾಳ ಹುಡುಕಿ ಹುಡುಕಿ ನಿಂತಿತು.

"ಬಂದ್ ಮಾಡ್ರಿ," ಎಂದ. "ಸುಮ್ನ ಮಂದಿಗೆ ತ್ರಾಸ."

ಅಂದಿನಿಂದ ಗಾಡಿಯ ಹತ್ತಿರವೂ ಹೋಗುವುದಿಲ್ಲ. ಎಣ್ಣೆ ಹಚ್ಚುವುದಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದೆ, ಸುಮ್ಮನೆ ಉಂಡು ಎದ್ದ.

ಗಾಡಿ ಯಾಕೆ ಸುಟ್ಟಿತೆಂದು ಅವನಿಗೆ ಇನ್ನೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ತೂತು ಬೇಡ ಎಂದವಳು ನಾನು, ಬಾಗಿಲು ಬಡಿದವಳೂ ನಾನು ಎಂದೆ. ಬರೆದು ತೋರಿಸೋಣವೆಂದರೆ ಅವನಿಗೆ ಅಕ್ಷರ ಬಾರದು. ಅವನು ಕೊನೆಯವರೆಗೆ ನನ್ನ ಬಾಯನ್ನೇ ನೋಡಿದ. ಆಮೇಲೆ ತಲೆ ಆಡಿಸಿದ. ಈಗೀಗ ಯಾರು ಏನು ಹೇಳಿದರೂ ಹಾಗೇ ತಲೆ ಆಡಿಸುತ್ತಾನೆ.