ಅಧ್ಯಕ್ಷೆ ಏಳದೆ ಊಟವಿಲ್ಲ

ಮಕ್ಕಳ ಗ್ರಾಮಸಭೆ ಎಂದರೆ ನನ್ನ ಮೂಗಿಗೆ ಈಗಲೂ ಬರುವುದು ಪಲಾವಿನ ವಾಸನೆ. ಪ್ರತಿ ವರ್ಷ ಆ ಹೊತ್ತಿಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊಗಳು ಸುರಿಯುತ್ತವೆ. ಕುರ್ಚಿಯ ಮೇಲೆ ದೊಡ್ಡವರು, ಜಮಖಾನದ ಮೇಲೆ ಮಕ್ಕಳು, ಫೋಟೊದ ಕೆಳಗೆ ಸಾಲುಸಾಲಾಗಿ ಕೈಮುಗಿದ ಎಮೋಜಿಗಳು. ತುಮಕೂರಿನ ಸದಾಶಿವನಗರದ ರೂಮಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಾ ಕೂತಿರುವ ನಾನು ಆ ಫೋಟೊಗಳನ್ನು ದೊಡ್ಡದು ಮಾಡಿ ಮಕ್ಕಳ ಮುಖ ನೋಡುತ್ತೇನೆ. ಒಂದಾದರೂ ಮುಖ ಸಿಟ್ಟಾಗಿದ್ದರೆ ನನಗೆ ಸಮಾಧಾನ.

ನಮ್ಮೂರು ಗುಬ್ಬಿ ತಾಲ್ಲೂಕಿನದು, ಸಿ.ಎಸ್. ಪುರದ ಕಡೆಗೆ. ಪಂಚಾಯ್ತಿ ಯಾವುದೆಂದು ಹೇಳುವುದಿಲ್ಲ, ಅಪ್ಪ ಅಮ್ಮ ಇನ್ನೂ ಅಲ್ಲೇ ಬಾಳಬೇಕು. ಹೈಸ್ಕೂಲು ಇದ್ದದ್ದು ಪಂಚಾಯ್ತಿ ಕಚೇರಿ ಇರುವ ಪಕ್ಕದ ಊರಿನಲ್ಲಿ. ನಾವು ಟಾರು ರಸ್ತೆಯವರೆಗೆ ನಡೆದು, ಗೇಟು ಎನ್ನುವ ನಮ್ಮೂರ ಸ್ಟಾಪಿನಲ್ಲಿ ಬಸ್ಸು ಹತ್ತಬೇಕಿತ್ತು. ಅಲ್ಲೊಂದು ತಂಗುದಾಣ. ಗಾಳಿ ಮಳೆ ಒಳಗೆ ಹೊಡೆಯಬಾರದೆಂದು ಮುಂದುಗಡೆ ಎದೆಮಟ್ಟದ ಗೋಡೆ ಎಬ್ಬಿಸಿದ್ದರು. ಆ ಗೋಡೆಯ ಮರೆಯಲ್ಲಿ ಬೆಳಿಗ್ಗೆ ಇಸ್ಪೀಟು, ಸಂಜೆ ಕುಡಿತ. ಪಕ್ಕದ ಪೆಟ್ಟಿಗೆ ಅಂಗಡಿಯಲ್ಲೇ ಮದ್ಯದ ಪ್ಯಾಕೆಟ್ಟು ಸಿಗುತ್ತಿತ್ತು. ನಾವು ಹುಡುಗಿಯರು ಮಾತ್ರ ಮಳೆಯಿರಲಿ ಬಿಸಿಲಿರಲಿ ರಸ್ತೆಯಾಚೆ ನಿಲ್ಲುತ್ತಿದ್ದೆವು.

ಒಂದು ಸಂಜೆ ಸ್ಪೆಷಲ್ ಕ್ಲಾಸು ಮುಗಿಸಿ ಬಸ್ಸಿಳಿದಾಗ ಕತ್ತಲಾಗಿತ್ತು. ತಂಗುದಾಣದಿಂದ ಒಬ್ಬ ತೂರಾಡುತ್ತಾ ಬಂದು ನನ್ನ ಗೆಳತಿಯ ಬ್ಯಾಗು ಹಿಡಿದೆಳೆದ. ನಾವು ಚೀರಿಕೊಂಡು ಓಡಿದೆವು. ಅವಳು ಮನೆಗೆ ಹೋಗಿ ಅಳುತ್ತಾ ಎಲ್ಲ ಹೇಳಿಬಿಟ್ಟಳು. ಮಾರನೇ ದಿನದಿಂದ ಅವಳು ಸ್ಕೂಲಿಗೆ ಬರಲಿಲ್ಲ. ಬ್ಯಾಗು ಎಳೆದವನು ಮಾತ್ರ ಅದೇ ಬೆಂಚಿನ ಮೇಲೆ ಅದೇ ಠೀವಿಯಲ್ಲಿ ಕೂತಿದ್ದ. ಆವತ್ತಿನಿಂದ ನಮ್ಮ ನಮ್ಮಲ್ಲೇ ಒಂದು ಕಟ್ಟುಪಾಡಾಯಿತು, ಏನೇ ಆದರೂ ಮನೆಯಲ್ಲಿ ಬಾಯಿ ಬಿಡಬಾರದು. ನನ್ನಪ್ಪನೂ ಕೇಳಿದ್ದ. ನಿನಗೇನಾದರೂ ತೊಂದರೆ ಇದ್ದರೆ ಹೇಳು ಮಗಳೇ, ನಾಳೆಯಿಂದಲೇ ಸ್ಕೂಲು ಬಿಡಿಸುತ್ತೇನೆ ಅಂದ. ಪ್ರೀತಿಯಿಂದಲೇ ಅಂದ. ನಾನು ಏನೂ ಇಲ್ಲ ಅಂದೆ.

ಒಂಬತ್ತನೇ ಕ್ಲಾಸಿನಲ್ಲಿ ಮಕ್ಕಳ ಗ್ರಾಮಸಭೆಗೆ ನನ್ನನ್ನು ಅಧ್ಯಕ್ಷೆ ಮಾಡಿದರು. ನಮ್ಮಲ್ಲಿ ಅದೊಂದು ರೂಢಿ. ಆ ಒಂದು ದಿನ ಸ್ಕೂಲಿನ ಮಗುವನ್ನೇ ಪಂಚಾಯ್ತಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸುತ್ತಾರೆ, ಹಾರ ಹಾಕುತ್ತಾರೆ, ಫೋಟೊ ಹೊಡೆಸುತ್ತಾರೆ. ನಾವು ಪಂಚಾಯ್ತಿಯವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹೆಡ್‌ಮಾಸ್ಟರು ಮೊದಲೇ ಬರೆದುಕೊಟ್ಟಿದ್ದರು. ಆಟದ ಸಾಮಾನು, ಕಾಂಪೌಂಡು, ಗಿಡ ನೆಡುವುದು. ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದೆವು. ಉತ್ತರಗಳೂ ಪಂಚಾಯ್ತಿಯವರಿಗೆ ಬಾಯಿಪಾಠವಾಗಿದ್ದವೆಂದು ಕಾಣುತ್ತದೆ. ಅನುದಾನ ಬಂದಾಗ ನೋಡೋಣ, ಮೇಲಿನವರ ಗಮನಕ್ಕೆ ತರೋಣ. ರಿಹರ್ಸಲ್ಲಿನಲ್ಲಿ ಮೇಷ್ಟ್ರು ಶಿಸ್ತು ಕಲಿಸುತ್ತಾ ಒಂದು ಮಾತು ಹೇಳಿದ್ದರು. ಅಧ್ಯಕ್ಷರು ಮುಗಿಯಿತು ಎನ್ನುವವರೆಗೆ ಸಭೆ ಮುಗಿಯುವುದಿಲ್ಲ, ವಂದನಾರ್ಪಣೆ ಆಗದೆ ಯಾರೂ ಊಟಕ್ಕೆ ಏಳುವಂತಿಲ್ಲ. ಪಾಪ, ನಾವು ಗಲಾಟೆ ಮಾಡಬಾರದೆಂದು ಹೇಳಿದ್ದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಸಭೆಯ ದಿನ ಅಪ್ಪನೂ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮಗಳು ಕುರ್ಚಿಯಲ್ಲಿ ಕೂತಿದ್ದನ್ನು ನೋಡಲು ಹಿಂದಿನ ಕಿಟಕಿಯ ಹತ್ತಿರ ನಿಂತಿದ್ದ. ಅವನೆದುರು ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಿದರೆ ನನ್ನ ಓದು ಅವತ್ತಿಗೇ ಮುಗಿಯಬಹುದಿತ್ತು. ಪ್ರಶ್ನೆಗಳೆಲ್ಲ ಮುಗಿದವು. ಹೊರಗೆ ಪಲಾವಿನ ಪಾತ್ರೆಯ ಮುಚ್ಚಳ ತೆಗೆದರು, ವಾಸನೆ ಸಭೆಗೆಲ್ಲ ಹಬ್ಬಿತು. ವಂದನಾರ್ಪಣೆಯ ಹುಡುಗಿ ಚೀಟಿ ಹಿಡಿದು ಎದ್ದಳು. ನಾನು ಅವಳಿಗೆ ಕೂತುಕೋ ಅಂದೆ, ಇನ್ನೂ ಒಂದು ವಿಷಯ ಇದೆ ಅಂದೆ.

ತಂಗುದಾಣದ ಕಥೆಯನ್ನೆಲ್ಲ ಹೇಳಿದೆ. ಗೋಡೆ, ಪ್ಯಾಕೆಟ್ಟು, ಬ್ಯಾಗು ಎಳೆದದ್ದು, ಗೆಳತಿ ಸ್ಕೂಲು ಬಿಟ್ಟದ್ದು, ಎಲ್ಲ. 

"ನಾವು ಇದನ್ನ ಮನೇಲಿ ಹೇಳಲ್ಲ" ಎಂದೆ. "ಹೇಳಿದ್ರೆ ಕುಡಿಯೋರ್ನ ಯಾರೂ ನಿಲ್ಸಲ್ಲ. ನಮ್ಮನ್ನ ನಿಲ್ಲಿಸ್ತಾರೆ."

ಕಿಟಕಿಯ ಕಡೆ ನಾನು ನೋಡಲಿಲ್ಲ.

ನಮ್ಮೂರಿನ ಪಂಚಾಯ್ತಿ ಮೆಂಬರು ನಕ್ಕರು. ಇದು ಪೊಲೀಸಿನವರು ನೋಡಬೇಕಾದ್ದು, ಮಕ್ಕಳು ಇಂಥದ್ದೆಲ್ಲ ಮಾತಾಡಬಾರದು ಎಂದು ಬುದ್ಧಿ ಹೇಳಿದರು. ಆಮೇಲೆ ದನಿ ಇಳಿಸಿ, "ಊಟ ಆರೋಗ್ತೈತೆ, ಮುಗಿಸ್ಬುಡವ್ವ" ಅಂದರು.

"ಸಭೆ ಮುಗಿದಿಲ್ಲ ಸಾರ್" ಎಂದೆ. "ಅಧ್ಯಕ್ಷರು ಹೇಳಿದ ಮೇಲೇ ಮುಗಿಯೋದು. ಬೇಕಾದ್ರೆ ನಮ್ಮ ಮೇಷ್ಟ್ರನ್ನ ಕೇಳಿ."

ಮೇಷ್ಟ್ರು ಸೀಲಿಂಗ್ ಫ್ಯಾನು ನೋಡತೊಡಗಿದರು. ಪ್ರೈಮರಿ ಸ್ಕೂಲಿನ ಪುಟ್ಟದೊಂದು ಮಗು ಹಸಿವೆಂದು ಅಳತೊಡಗಿತು. ನನಗೆ ಕರುಳು ಚುರುಕ್ ಅಂದಿತು. ಚಿಕ್ಕ ಮಕ್ಕಳಿಗೆ ಮೊದಲು ಬಡಿಸಿ, ದೊಡ್ಡವರು ಕಾಯಲಿ ಎಂದು ಮೈಕಿನಲ್ಲೇ ಹೇಳಿದೆ. ಅದು ಅಧ್ಯಕ್ಷೆಯಾಗಿ ನನ್ನ ಮೊದಲ ಆದೇಶ. ನಮ್ಮ ಕಡೆ ಅತಿಥಿಗಳಿಗಿಂತ ಮುಂಚೆ ಮಕ್ಕಳು ಎಲೆ ಮುಂದೆ ಕೂತದ್ದು ಅದೇ ಮೊದಲಿರಬೇಕು. ಒಳಗೆ ದೊಡ್ಡವರು ಬಾಯಲ್ಲೂರಿದ ನೀರು ನುಂಗುತ್ತಾ ಕೂತರು. ಎದ್ದು ಹೋಗೋಣವೆಂದರೆ ಫೋಟೊದವನು ಅಲ್ಲೇ ನಿಂತಿದ್ದಾನೆ.

ಕೊನೆಗೆ ದಾರಿಗೆ ಬಂದವರು ಪಂಚಾಯ್ತಿಯ ಅಧಿಕಾರಿ, ನಾವು ಪಿಡಿಒ ಸಾಹೇಬರು ಎನ್ನುತ್ತಿದ್ದವರು. ನ್ಯಾಯದಿಂದಲೋ ಹಸಿವಿನಿಂದಲೋ ನನಗೆ ಗೊತ್ತಿಲ್ಲ. ತಂಗುದಾಣ ಪಂಚಾಯ್ತಿಯದೇ, ಕಂಬದ ಲೈಟೂ ಪಂಚಾಯ್ತಿಯದೇ ಎಂದು ಒಪ್ಪಿಕೊಂಡರು. ಮುಂದಿನ ಗೋಡೆ ಒಡೆಯುವುದು, ಲೈಟು ಹಾಕುವುದು, ಅಂಗಡಿ ಎತ್ತಿಸುವುದು, ಇಷ್ಟನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿದರು. ಗಟ್ಟಿಯಾಗಿ ಓದಿಸಿದ ಮೇಲೇ ನಾನು ಎದ್ದದ್ದು. ಪಲಾವು ತಣ್ಣಗೆ ಕೊರೆಯುತ್ತಿತ್ತಂತೆ. ಅದಕ್ಕೆ ನನಗೆ ಇವತ್ತಿಗೂ ಎಳ್ಳಷ್ಟೂ ಬೇಜಾರಿಲ್ಲ.

ಗೋಡೆ ಬೇಗ ಬಿತ್ತು. ಅಂಗಡಿ ಸ್ವಲ್ಪ ದೂರ ಸರಿಯಿತು, ಮುಚ್ಚಲಿಲ್ಲ. ಲೈಟು ಬರುವ ಹೊತ್ತಿಗೆ ಮುಂದಿನ ಮಳೆಗಾಲ ಬಂದಿತ್ತು. ಲೈಟು ಬರಲಿ ಆಮೇಲೆ ಕಳಿಸುತ್ತೇವೆ ಎಂದಿದ್ದ ಗೆಳತಿಯ ಮನೆಯವರು ಅಷ್ಟರಲ್ಲಿ ಅವಳನ್ನು ಹುಲಿಯೂರುದುರ್ಗದ ಸೋದರತ್ತೆ ಮನೆಯ ಅಂಗಡಿಯಲ್ಲಿ ಕೂರಿಸಿದ್ದರು. ಕಂಬದ ಮೇಲೆ ಉರಿಯುವ ಆ ಲೈಟು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮಕ್ಕಳೇ ನಾಳಿನ ಪ್ರಜೆಗಳು ಎನ್ನುವವರನ್ನು ಕಂಡರೂ ಅಷ್ಟೇ. ನಾಳೆ ಯಾಕೆ? ಬಸ್ಸಿಗೆ ನಿಂತದ್ದು ನಾವು ಅವತ್ತೇ ಅಲ್ಲವೇ.

ನನ್ನ ವಿಷಯ ತೀರ್ಮಾನವಾದದ್ದು ಮಾತ್ರ ಪಂಚಾಯ್ತಿಯಲ್ಲಲ್ಲ. ಅವತ್ತು ಸಭೆಯಿಂದ ಬಂದ ಅಪ್ಪ ಉಂಡು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಗೂಟದಲ್ಲಿ ನನ್ನ ಬ್ಯಾಗಿಲ್ಲ, ಅಟ್ಟದ ಮೇಲಿದೆ. ನಾನು ಯೂನಿಫಾರ್ಮು ಹಾಕಿಕೊಂಡು ಅವನ ಮುಂದೆ ಹೋಗಿ ನಿಂತೆ.

"ಲೈಟು ಹಾಕೋಗಂಟ ಮನೇಲಿರು" ಅಂದ, ನನ್ನ ಮುಖ ನೋಡದೆ.

ಅಳು ಬಂತು, ಅಳಲಿಲ್ಲ. ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಆಯ್ತಪ್ಪ, ನಿಲ್ಲಿಸು" ಎಂದೆ. "ಆದ್ರೆ ಪಂಚಾಯ್ತಿಗೆ ಹೋಗಿ ಒಂದು ಮಾತು ಹೇಳ್ಬುಟ್ಟು ಬಾ. ನಿನ್ನೆ ನನ್ನ ಮಗಳು ಹೇಳಿದ್ದು ನಿಜ, ನಾನೂ ಅವಳನ್ನೇ ನಿಲ್ಲಿಸ್ದೆ ಅಂತ."

 ಒಳಗೆ ಅಮ್ಮ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಅಪ್ಪ ಎದ್ದು ಅಟ್ಟಕ್ಕೆ ಕೈ ಹಾಕಿ ಬ್ಯಾಗು ಇಳಿಸಿದ. ಹೆಗಲ ಮೇಲಿನ ಟವೆಲ್ಲಿನಿಂದ ಅದರ ಧೂಳು ಒರೆಸಿ ನನ್ನ ಕೈಗೆ ಕೊಟ್ಟ. ಗೇಟಿನವರೆಗೆ ಬರುತ್ತೇನೆ ಅಂದ. ನಾನು ಬೇಡ ಅಂದೆ.

ತಂಗುದಾಣದಲ್ಲಿ ಇಸ್ಪೀಟು ಆಗಲೇ ಶುರುವಾಗಿತ್ತು. ಗೋಡೆ ಇನ್ನೂ ಬಿದ್ದಿರಲಿಲ್ಲ. ನಾನು ರಸ್ತೆಯಾಚೆ ಹೋಗಲಿಲ್ಲ. ಒಳಗೆ ಹೋಗಿ, ಅವರು ಎಲೆ ಹಾಕುತ್ತಿದ್ದ ಬೆಂಚಿನ ಮೇಲೆ ಬ್ಯಾಗು ಇಟ್ಟು, ಸ್ವಲ್ಪ ಸರೀರಿ ಅಂದೆ. ಸರಿದರು.