ಆಮೆ ಒರೆಸಿದ ಗುರುತು

ನೂರಿಪ್ಪತ್ತೆಂಟು ಮಂದಿ ಆಡಲು ಇಳಿದರೆ ನೂರಿಪ್ಪತ್ತೇಳು ಮಂದಿ ಸೋತು ಮನೆಗೆ ಹೋಗುತ್ತಾರೆ. ಟೆನಿಸ್ ಎಂದರೆ ಇಷ್ಟೇ. ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಆದರೂ ಪತ್ರಿಕೆ ಬಿಡಿಸಿದರೆ ಕಪ್ ಎತ್ತಿ ಹಿಡಿದ ಆ ಒಬ್ಬಳ ಹಲ್ಲೇ ಅರ್ಧ ಪುಟ. ಉಳಿದವರು ಎಲ್ಲಿ ಹೋದರು, ಯಾವ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ರೈಲು ಹತ್ತಿದರು ಎಂದು ಕೇಳುವ ಪುಣ್ಯಾತ್ಮರು ಯಾರೂ ಇಲ್ಲ.

ಹಾಗೆ ಹದಿನಾಲ್ಕು ವರ್ಷ ರೈಲು ಹತ್ತಿದವಳೊಬ್ಬಳಿದ್ದಾಳೆ. ಆಡಿದ್ದೆಲ್ಲ ಕೆಂಪು ಮಣ್ಣಿನ ಅಂಕಣಗಳಲ್ಲಿ. ಜೊತೆಯ ಆಟಗಾರ್ತಿಯರು ಅವಳಿಗೆ ಇಟ್ಟ ಹೆಸರು ಆಮೆ.

ಹೆಸರಿಗೆ ಕಾರಣವಿತ್ತು. ಮಣ್ಣಿನ ಮೇಲೆ ಚೆಂಡು ನಿಧಾನವಾಗುತ್ತದೆ, ಎತ್ತರಕ್ಕೆ ಏಳುತ್ತದೆ. ಬೀಸಿ ಹೊಡೆಯುವವರ ಬೀಸು ಅಲ್ಲಿ ಅರ್ಧಕ್ಕರ್ಧ ಇಂಗಿಹೋಗುತ್ತದೆ. ಆಮೆ ಹಿಂದಿನ ಗೆರೆಯಿಂದ ಇನ್ನೂ ಮೂರು ಹೆಜ್ಜೆ ಹಿಂದೆ ನಿಂತು, ಬಂದ ಚೆಂಡನ್ನೆಲ್ಲ ಎತ್ತಿ ವಾಪಸ್ ಕಳಿಸುತ್ತಿದ್ದಳು. ಇಪ್ಪತ್ತು ಸಲ, ಮೂವತ್ತು ಸಲ, ಎದುರಿನವಳಿಗೆ ರೋಸಿಹೋಗುವವರೆಗೆ. “ಇವಳ ಜೊತೆ ಆಡೋದೂ ಒಂದೇ, ಗೋಡೆಗೆ ಹೊಡೆಯೋದೂ ಒಂದೇ,” ಎಂದು ಒಬ್ಬಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಗೊಣಗಿದ್ದಳು. “ಗೋಡೇನೇ ವಾಸಿ ಬಿಡಿ, ಅದು ಮಧ್ಯೆ ಮಧ್ಯೆ ನಗಲ್ಲ.”

ಅಮ್ಮ ಆಟದ ಕ್ಲಬ್ಬೊಂದರಲ್ಲಿ ಬಟ್ಟೆ ಒಗೆಯುವ ಕೆಲಸದವಳು. ಸದಸ್ಯರು ಉಂಡು ಮಲಗುವ ಮಧ್ಯಾಹ್ನದಲ್ಲಿ ಮಗಳು ಖಾಲಿ ಅಂಕಣಕ್ಕೆ ನುಗ್ಗುತ್ತಿದ್ದಳು. ಬಿಳಿ ಕಾಲುಚೀಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಮನೆಗೆ ಬಂದರೆ ಅಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಊರವರ ಕೊಳೆಯೆಲ್ಲ ತೆಗೀತೀನಿ, ನಿನ್ನದೊಂದು ನನ್ನ ಕೈಲಿ ಆಗಲ್ಲ ಕಣೇ,” ಎನ್ನುತ್ತಿದ್ದಳು. ಬೈಗುಳವೂ ಅಷ್ಟೇ, ಆಶೀರ್ವಾದವೂ ಅಷ್ಟೇ. ಅಣ್ಣ ರ‍್ಯಾಕೆಟ್‌ಗೆ ತಂತಿ ಬಿಗಿಯುವುದನ್ನು ಕಲಿತ. ಮುಂದೆ ಅವನೇ ಅವಳ ತರಬೇತುದಾರ, ಅಡುಗೆಯವನು, ಸಾಮಾನು ಹೊರುವವನು, ಜಗಳಕ್ಕೆ ಜೊತೆ.

ಅವಳು ಏರಿದ ಅತಿ ಎತ್ತರದ ರ‍್ಯಾಂಕು ಇನ್ನೂರ ಹದಿನಾಲ್ಕು. ಆ ಅಂಕಿಗೆ ಮೂಗು ಮುರಿಯುವವರು, ತಾವು ಮಾಡುವ ಕೆಲಸದಲ್ಲಿ ಜಗತ್ತಿಗೆ ತಾವು ಎಷ್ಟನೆಯವರು ಎಂದು ಒಮ್ಮೆ ಎಣಿಸಿಕೊಳ್ಳಲಿ.

ಆ ರ‍್ಯಾಂಕಿನವರಿಗೆ ಮಣ್ಣಿನ ಮಹಾ ಪಂದ್ಯಾವಳಿಯ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಮೊದಲು ಅರ್ಹತಾ ಸುತ್ತಿನ ಮೂರು ಪಂದ್ಯ ಗೆಲ್ಲಬೇಕು. ಆಮೆ ಆರು ವರ್ಷ ಹೋದಳು, ಆರು ವರ್ಷವೂ ಹೊಸ್ತಿಲಲ್ಲೇ ಎಡವಿ ಬಂದಳು. ಏಳನೆಯ ಸಲ ಹೊರಟಾಗ ಅವಳಿಗೆ ಮೂವತ್ತೊಂದು. ಎಕ್ಸ್‌ರೇ ನೋಡಿದ ಡಾಕ್ಟರು, “ಇನ್ನೊಂದು ವರ್ಷ ಈ ಸೊಂಟದ ಜೊತೆ ಜಗಳ ಆಡಬೇಡಮ್ಮ,” ಎಂದಿದ್ದರು. ಈ ಸಲ ಇಲ್ಲವೆಂದರೆ ಎಂದಿಗೂ ಇಲ್ಲ.

ಎರಡು ಪಂದ್ಯ ಗೆದ್ದಳು. ಮೂರನೆಯದು ಹತ್ತೊಂಬತ್ತರ ಹುಡುಗಿಯ ಎದುರು, ಹಿತ್ತಲಿನ ಪುಟ್ಟ ಅಂಕಣವೊಂದರಲ್ಲಿ. ಮೂರೇ ಸಾಲು ಬೆಂಚು, ಸುತ್ತ ತಂತಿ ಬೇಲಿ. ಒಂದೊಂದು ಸೆಟ್ ಹಂಚಿಕೊಂಡಾಯಿತು. ಕೊನೆಯ ಸೆಟ್ಟಿನಲ್ಲಿ ಆಮೆ ಐದು ನಾಲ್ಕರಿಂದ ಮುಂದೆ, ಗೆಲುವಿಗೆ ಒಂದೇ ಒಂದು ಪಾಯಿಂಟು. ಹುಡುಗಿ ಪಕ್ಕದ ಗೆರೆಯ ಗುಂಟ ಒಂದು ಹೊಡೆತ ಬಿಟ್ಟಳು. ಆಮೆ ಜಾರಿ ಹೋಗಿ ಕೈ ಚಾಚಿದಳು, ಎಟುಕಲಿಲ್ಲ. ಗೆರೆ ಕಾಯುವವನು ಕೂಗಿದ: “ಔಟ್!”

ಗೆದ್ದಳು! ಅಣ್ಣ ಬೇಲಿಯನ್ನು ಹಿಡಿದು ಅಲ್ಲಾಡಿಸಿಬಿಟ್ಟ. ಹುಡುಗಿ ಕೈಕುಲುಕಲು ಬಲೆಯ ಕಡೆ ನಡೆದೇಬಿಟ್ಟಳು.

ಆಮೆ ಮಾತ್ರ ಗೆರೆಯ ಕಡೆ ಹೋದಳು. ಮಣ್ಣಿನಲ್ಲಿ ಚೆಂಡು ಬಿದ್ದರೆ ಮೊಟ್ಟೆಯಷ್ಟು ಗುರುತು ಉಳಿಯುತ್ತದೆ. ತಕರಾರು ಬಂದರೆ ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು ಅದನ್ನು ನೋಡುತ್ತಾರೆ. ಎದುರಾಳಿಯ ಚೆಂಡು ಗೆರೆ ಮುಟ್ಟಿದ್ದು ತನಗೇ ಕಂಡರೆ ಆಟಗಾರ್ತಿ ಗುರುತನ್ನು ಬೂಟಿನಿಂದ ಒರೆಸುತ್ತಾಳೆ. ಒರೆಸಿದರೆ ಪಾಯಿಂಟು ಬಿಟ್ಟುಕೊಟ್ಟಂತೆ. ಯಾರೂ ಕೇಳದಿದ್ದರೂ ಹೋಗಿ ನೋಡುವುದು ಅವಳ ಹದಿನಾಲ್ಕು ವರ್ಷದ ಚಾಳಿ. ನೋಡಿದಳು. ಗೆರೆಯ ಅಂಚನ್ನು ಕಚ್ಚಿಕೊಂಡು ಒಂದು ಗುರುತು. ಬೂಟಿನಿಂದ ಸವರಿದಳು.

“ಒಳಗಿತ್ತು,” ಎಂದಳು.

ಅಂಪೈರ್ ಮುಂದಕ್ಕೆ ಬಾಗಿದರು. “ಖಂಡಿತಾನಾ?”

“ಹೌದು ಸರ್.”

ಪಾಯಿಂಟು ಹುಡುಗಿಯ ಪಾಲಾಯಿತು. ಆಮೆ ತಿರುಗಿ ಎರಡು ಹೆಜ್ಜೆ ಇಟ್ಟವಳು ಗಕ್ಕನೆ ನಿಂತಳು. ಗೆರೆಯಿಂದ ಗೇಣು ಆಚೆ ಇನ್ನೊಂದು ಗುರುತು, ಆಗ ತಾನೇ ಬಿದ್ದದ್ದು, ಅಂಚು ಚೂಪಾಗಿ ಕೆದರಿದ್ದು. ಅದೇ ಕೊನೆಯ ಚೆಂಡು! ಒರೆಸಿದ್ದು ಎರಡು ಪಾಯಿಂಟು ಹಿಂದಿನ ಹಳೆಯ ಗುರುತು. ಜೀವಮಾನವೆಲ್ಲ ಮಣ್ಣು ಓದಿದವಳು ಬೇಕಾದ ದಿನವೇ ತಪ್ಪು ಸಾಲು ಓದಿದ್ದಳು.

“ಸರ್, ನಾನು ಬೇರೆ ಗುರುತು ಒರೆಸಿಬಿಟ್ಟೆ. ನಿಜವಾದದ್ದು ಇಲ್ಲಿದೆ ನೋಡಿ.”

“ಬಿಟ್ಟುಕೊಟ್ಟಿದ್ದು ನೀವೇ ಅಲ್ವಾ? ಈಗ ವಾಪಸ್ ಕೇಳಿದ್ರೆ ಹೇಗಮ್ಮ? ಆಡಿ.”

ಹುಡುಗಿ ಬೂಟಿನ ದಾರ ಬಿಗಿದುಕೊಳ್ಳುತ್ತ ನೆಲ ನೋಡಿದಳು. ಬೆಂಚಿನಲ್ಲಿ ಕೂತಿದ್ದವರು ನಕ್ಕರು. ಒಬ್ಬ ಗಟ್ಟಿಯಾಗಿಯೇ, “ಪೆದ್ದಿ!” ಎಂದ. ಕಳ್ಳರನ್ನು ಜಾಣರೆಂದೂ ನಿಯತ್ತಿನವರನ್ನು ಪೆದ್ದರೆಂದೂ ಕರೆಯುವ ಜನ ಎಲ್ಲ ಬೆಂಚುಗಳಲ್ಲೂ ಕೂತಿರುತ್ತಾರೆ, ಅಂಕಣಕ್ಕೆ ಮಾತ್ರ ಇಳಿಯುವುದಿಲ್ಲ.

ಆ ಗೇಮ್ ಹೋಯಿತು. ಐದು ಐದು. ಮುಂದಿನ ಗೇಮ್ ಶುರುವಾಗುವ ಮೊದಲು ಅಣ್ಣ ಬೇಲಿಗೆ ಬಾಯಿ ಹಚ್ಚಿ, “ಮನೆಗೆ ನಡಿ, ಮೊದಲು ನಿನಗೊಂದು ಕನ್ನಡಕ ಮಾಡಿಸ್ತೀನಿ!” ಎಂದು ಕಿರುಚಿದ. ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ನಗು ಬಂದ ಮೇಲೆ ಕೈ ಸಡಿಲವಾಯಿತು. ಆರು ಆರು. ಇನ್ನು ಟೈಬ್ರೇಕರ್, ಮೊದಲು ಹತ್ತು ಮುಟ್ಟಿದವಳು ಒಳಗೆ, ಇನ್ನೊಬ್ಬಳು ರೈಲಿಗೆ.

ಆ ಹೊತ್ತಿಗೆ ಬೇರೆ ಅಂಕಣಗಳಿಂದ ಜನ ಬಂದು ಬೇಲಿಗೆ ಅಂಟಿಕೊಂಡಿದ್ದರು. ಒಂದು ಪಾಯಿಂಟಿಗೆ ನಲವತ್ತೊಂದು ಹೊಡೆತ! ಎಣಿಸಿದ್ದು ಅಣ್ಣ, ಅವನ ಲೆಕ್ಕದಲ್ಲಿ ಒಂದೆರಡು ಪ್ರೀತಿಯವೂ ಇರಬಹುದು. ಹುಡುಗಿ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಟ್ಟಳು. ಆಮೆಯ ಸೊಂಟ ಒಳಗೊಳಗೇ ಕಿತ್ತುಕೊಂಡು ಬರುತ್ತಿತ್ತು, ಮುಖದಲ್ಲಿ ಮಾತ್ರ ಅದೇ ನಗು. ಎಂಟು ಎಂಟು. ಒಂಬತ್ತು ಎಂಟು, ಆಮೆ ಮುಂದೆ. ಹುಡುಗಿ ಉಳಿದ ಉಸಿರನ್ನೆಲ್ಲ ಸೇರಿಸಿ ಬೀಸಿದಳು. ಚೆಂಡು ಮತ್ತೆ ಅದೇ ಗೆರೆಯ ಹತ್ತಿರವೇ ಬಿತ್ತು.

“ಔಟ್!”

ಆಮೆ ಮತ್ತೆ ಗೆರೆಯ ಕಡೆ ಹೊರಟಳು.

“ಬೇಡ ಕಣೇ! ಹೋಗಬೇಡ! ಕೈಕುಲುಕು ಸಾಕು!” ಅಣ್ಣನ ಗಂಟಲು ಬಿರಿಯಿತು. ಸುತ್ತ ನಿಂತವರೂ ಕೂಗಿದರು. ಅವಳು ನಿಲ್ಲಲಿಲ್ಲ. ಆತುರವನ್ನೂ ಮಾಡಲಿಲ್ಲ. ಚೆಂಡು ಬಂದ ದಾರಿಯನ್ನು ಮೊದಲಿನಿಂದ ಕಣ್ಣಲ್ಲೇ ಹಿಡಿದು, ಹಳೆಯ ಗುರುತುಗಳನ್ನು ಒಂದೊಂದಾಗಿ ಬಿಟ್ಟು, ಹೊಸದರ ಮುಂದೆ ನಿಂತು ಸೊಂಟ ಹಿಡಿದುಕೊಂಡು ಬಗ್ಗಿದಳು. ಗುರುತಿಗೂ ಗೆರೆಗೂ ನಡುವೆ ಒಂದು ಬೆರಳು ಅಗಲದ ಮಣ್ಣು. ರ‍್ಯಾಕೆಟಿನ ತುದಿಯಿಂದ ಅದರ ಸುತ್ತ ವೃತ್ತ ಎಳೆದಳು.

“ಬಂದು ನೋಡಿ ಸರ್.”

ಅಂಪೈರ್ ಇಳಿದು ಬಂದರು. ಹುಡುಗಿಯೂ ಬಂದಳು. ಅಂಪೈರ್ ಬೆರಳೆತ್ತುವ ಮೊದಲೇ ಹುಡುಗಿ, “ಔಟೇ ಅಕ್ಕ,” ಎಂದು ಅವಳನ್ನು ತಬ್ಬಿಕೊಂಡಳು.

ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ ಆಮೆ ಐವತ್ತೆರಡು ನಿಮಿಷಕ್ಕೇ ಸೋತಳು. ಪತ್ರಿಕೆ ಒಂದೂವರೆ ಸಾಲು ಬರೆಯಿತು. ಆಡಿದ್ದು ಸಾವಿರಾರು ಜನ ಕೂರುವ ದೊಡ್ಡ ಅಂಕಣದಲ್ಲಿ, ಅಮ್ಮನನ್ನು ಎರಡನೇ ಸಾಲಿನಲ್ಲಿ ಕೂರಿಸಿಕೊಂಡು! ಆ ಐವತ್ತೆರಡು ನಿಮಿಷದ ಬಗ್ಗೆ ಈಗಲೂ ಕೇಳಿದರೆ ಅವಳು ಕುರ್ಚಿಯಿಂದ ಎದ್ದು ನಿಂತೇ ಹೇಳುತ್ತಾಳೆ.

ನಿವೃತ್ತಳಾಗಿ ಒಂಬತ್ತು ವರ್ಷ. ಈಗ ಅವಳು ನಗರಸಭೆಯ ನಾಲ್ಕು ಮಣ್ಣಿನ ಅಂಕಣಗಳಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಅಲ್ಲಿ ಅಂಪೈರ್ ಇಲ್ಲ. ತಮ್ಮ ಕಡೆಯ ಗೆರೆಗೆ ಮಕ್ಕಳೇ ತೀರ್ಪುಗಾರರು. ಕಳೆದ ಭಾನುವಾರ ಹತ್ತು ವರ್ಷದ ಹುಡುಗಿಯೊಬ್ಬಳು ಗುರುತು ನೋಡಲು ಬಗ್ಗಿದಾಗ ಬೇಲಿಯಾಚೆಯಿಂದ ಅವಳಪ್ಪ ಅಬ್ಬರಿಸಿದ: “ನೋಡೋದೇನಿದೆ? ಔಟ್ ಅನ್ನು!” ಮಗು ಅಪ್ಪನ ಮುಖ ನೋಡಿತು, ನೆಲ ನೋಡಲಿಲ್ಲ. “ಔಟ್,” ಎಂದಿತು. ಆಮೆ ಹೋಗಿ ನೋಡಿದರೆ ಗುರುತು ಗೆರೆಯ ನಡುಮಧ್ಯದಲ್ಲಿತ್ತು.

ಆ ಅಪ್ಪ ಒಬ್ಬನೇ ಅಲ್ಲ. ವಾರವಾರವೂ ಅಲ್ಲಿ ಇಪ್ಪತ್ತು ಮಂದಿ ನಿಂತಿರುತ್ತಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಈ ಭಾನುವಾರ ಬೇಲಿಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಬಾಯಿ ಮುಚ್ಚಿಕೊಳ್ಳಿ. ನಿಮ್ಮ ಮಗು ತಾನೇ ಹೋಗಿ, ಬಗ್ಗಿ, ನೋಡಿ ಹೇಳಲಿ.