ಒಂದು ಕೋಟ್ ಜಾಸ್ತಿ

ನನ್ನ ತಮ್ಮನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ‘ಫಿನಿಶಿಂಗ್’. ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಗೋಡೆ ಒಣಗಿ, ಮನೆಯವರು ಖುಷಿಯಾಗಿ, ಏಣಿ ಹೊರಗೆ ಹೋದ ಮೇಲೂ “ಇರಿ, ಇನ್ನೂ ಫಿನಿಶಿಂಗ್ ಬಾಕಿ ಇದೆ” ಎಂದು ಮತ್ತೆ ಒಳಗೆ ನುಗ್ಗುವ ಆಸಾಮಿ. ಗೋಡೆಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿಕೊಂಡು ಉದ್ದಕ್ಕೂ ನೋಡುತ್ತಾನೆ. ಎಲ್ಲಾದರೂ ಚೂರು ಉಬ್ಬು ಕಂಡರೆ ಮುಗಿಯಿತು, ಅವತ್ತಿನ ಊಟ ಸಂಜೆಗೆ. ಜನ ಇದನ್ನು ಹೊಗಳುತ್ತಾರೆ. ಹೊಗಳುವವರಿಗೇನು, ಅವನ ಜೊತೆ ಏಗಬೇಕಾದವರು ನಾವು.

ಅವನಿಗೆ ಒಬ್ಬಳೇ ಮಗಳು, ಗುಬ್ಬಿ. ನೆಲಕ್ಕೆ ಹಾಸಲು ಅಪ್ಪ ತಂದಿಟ್ಟ ಹಳೇ ಪೇಪರುಗಳನ್ನು ಕೆಲಸಕ್ಕೆ ಒಯ್ಯುವ ಮೊದಲೇ ಓದಿ ಮುಗಿಸುವ ಹುಡುಗಿ. ಊರ ಹೊರಗೆ ಅವರಿದ್ದ ಕಡೆಯ ಶಾಲೆಯಲ್ಲಿ ಮೂರು ತರಗತಿಗೆ ಒಬ್ಬರೇ ಟೀಚರು. ಅವರೂ ಬಂದರೆ ಬಂದರು. ಒಳ್ಳೆಯ ಶಾಲೆ ಇರುವುದು ನನ್ನ ಅಂಗಡಿಯ ಬೀದಿಯಲ್ಲಿ. ನಾನು ಹೊಲಿಗೆಯವಳು, ಆ ಶಾಲೆಯ ಯೂನಿಫಾರಂ ಹೊಲಿದೇ ನನ್ನ ಹೊಟ್ಟೆಪಾಡು. ಅಲ್ಲಿ ಸುತ್ತಮುತ್ತ ವಾಸವಿರುವ ಮಕ್ಕಳಿಗೇ ಮೊದಲು ಸೀಟು. ನನ್ನ ಮನೆಯೂ ದೂರ. ಅಂಗಡಿ ವಿಳಾಸ ಕೊಡೋಣವೆಂದರೆ ಶಾಲೆಯ ಅಟೆಂಡರ್ ಖುದ್ದಾಗಿ ಬಂದು ನೋಡುತ್ತಾನೆ. ಶಟರ್ ಎತ್ತಿದರೆ ಅವನಿಗೆ ಹೊಲಿಗೆ ಯಂತ್ರ ಕಂಡೀತೇ ಹೊರತು ಒಲೆ ಕಂಡೀತೇ?

ಹಾಗಾಗಿ ಶಾಲೆ ಶುರುವಾಗುವುದರೊಳಗೆ ಆ ಬೀದಿಗಳಲ್ಲಿ ಒಂದು ಮನೆ ಆಗಲೇಬೇಕಿತ್ತು. ಚಪ್ಪಲಿ ಸವೆಯುವಷ್ಟು ಅಲೆದೆವು. ‘ಸಂಸಾರಸ್ಥರಿಗೆ ಮಾತ್ರ’ ಎಂದು ಬೋರ್ಡು ಹಾಕಿಕೊಂಡವರು ಸಂಸಾರ ಬಂದು ನಿಂತರೆ “ಮಗು ಇದೆಯಾ? ಗೋಡೆ ಮೇಲೆ ಗೀಚುತ್ತಲ್ವಾ?” ಎನ್ನುತ್ತಿದ್ದರು. ಒಬ್ಬ ಬ್ರೋಕರ್ ತೋರಿಸಿದ ಮನೆಯಲ್ಲಿ ಅಡುಗೆ ಕಟ್ಟೆಯ ಪಕ್ಕದಲ್ಲೇ ಬಚ್ಚಲು. “ಬಿಸಿನೀರು ಹತ್ತಿರ ಆಯ್ತಲ್ಲ ಮೇಡಂ” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಚೆನ್ನಾಗಿದ್ದ ಮನೆಗಳ ಬಾಡಿಗೆ ಕೇಳಿದರೆ, ಬಾಡಿಗೆ ಕಟ್ಟಿ ಊಟ ಬಿಡಬೇಕು. ತಮಾಷೆ ಏನೆಂದರೆ, ಅವುಗಳಲ್ಲಿ ಅರ್ಧ ಮನೆಗಳಿಗೆ ಬಣ್ಣ ಹೊಡೆದವನು ನನ್ನ ತಮ್ಮನೇ. ಒಳಗೆ ಕಾಲಿಟ್ಟ ತಕ್ಷಣ ಬಾಡಿಗೆ ಕೇಳುವುದು ಬಿಟ್ಟು ಗೋಡೆ ಸವರುತ್ತಾ ನಿಂತುಬಿಡುತ್ತಿದ್ದ.

ಕೊನೆಗೆ ಶಾಲೆಯ ಹಿಂದಿನ ರಸ್ತೆಯಲ್ಲಿ ಒಂದು ಮನೆ ನನ್ನ ಕಿವಿಗೆ ಬಿತ್ತು. ಯೂನಿಫಾರಂ ಅಳತೆಗೆ ಬಂದ ತಾಯಿಯೊಬ್ಬಳು ಹೇಳಿದ್ದು. ಮಹಡಿಯಲ್ಲಿ ಓನರಮ್ಮ, ಕೆಳಗಿನ ಮನೆ ಖಾಲಿ. ಹಾಲ್‌ನ ಗೋಡೆ ತುಂಬ ತೇವ ಏರಿ, ಕಪ್ಪು ಕಲೆ ಹಬ್ಬಿ, ಸುಣ್ಣ ಹಪ್ಪಳದ ಹಾಗೆ ಎದ್ದಿತ್ತು. ಬಂದವರೆಲ್ಲ ಮೂಗು ಮುಚ್ಚಿಕೊಂಡು ವಾಪಸು ಹೋಗಿದ್ದರಂತೆ. ಓನರಮ್ಮ ಬಾಡಿಗೆ ಇಳಿಸಿದರು, ಒಂದು ಷರತ್ತಿನ ಮೇಲೆ.

“ಬಣ್ಣ ನೀವೇ ಹೊಡ್ಕೊಳ್ಳಬೇಕು. ನಾನಂತೂ ಒಂದು ಕಾಸು ಬಿಚ್ಚಲ್ಲ. ಸಾಮಾನು ತರೋ ದಿನ ಅಡ್ವಾನ್ಸ್ ಕೊಡಿ, ಸಾಕು.”

ಮಾತಷ್ಟೇ ಆಗಿದ್ದು. ಕೈಗೆ ಬೀಗದ ಕೈ ಬಂತಲ್ಲ ಎಂದು ನಾವು ಹಿಗ್ಗಿದೆವು. ತಮ್ಮನ ಹೆಂಡತಿ ಮಾತ್ರ ಗಂಡನನ್ನು ಬಲ್ಲವಳು.

“ರೀ, ಆ ಕಲೆ ಮೇಲೆ ಒಂದು ಕೈ ಸುಣ್ಣ ಬಳಿದು ಸುಮ್ನೆ ಬನ್ನಿ. ಅಟೆಂಡರ್ ಬಂದಾಗ ಮನೆ ಅಂತ ಕಂಡರೆ ಆಯ್ತು. ಉಳಿದಿದ್ದು ಆಮೇಲೆ ನೋಡ್ಕೊಳ್ಳೋಣ.”

“ನನಗೂ ಅಷ್ಟು ಗೊತ್ತಾಗಲ್ವಾ?” ಎಂದ ಅವನು.

ಗೊತ್ತಾಗಲಿಲ್ಲ. ಸುಣ್ಣ ಬಳಿಯಲು ಹೋದವನು ಮೊದಲು ಗೋಡೆ ಕೆರೆದ. ಕೆರೆದ ಮೇಲೆ ತೇವ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಇರುವುದು ಹೇಗೆ? ಮೇಲಿನ ಬಚ್ಚಲಿನ ಪೈಪು ಸೋರುತ್ತಿತ್ತು. ಪ್ಲಂಬರ್ ಗೆಳೆಯನ ಕೈಕಾಲು ಹಿಡಿದು ಅದನ್ನು ಸರಿ ಮಾಡಿಸಿದ. ಗೋಡೆ ಒಣಗಲು ಬಿಟ್ಟು, ಪುಟ್ಟಿ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿದ. ಹಾಲ್ ಬೆಳ್ಳಗಾದಾಗ ರೂಮು ಕೊಳಕಾಗಿ ಕಂಡಿತು. ರೂಮು ಆದಾಗ ಕಿಟಕಿ. ದಿನಾ ಸಂಜೆ ಬೇರೆ ಕೆಲಸ ಮುಗಿಸಿ ಅಲ್ಲಿಗೇ ಓಡುತ್ತಿದ್ದ. ನಾನು ಕೇಳಿದಾಗಲೆಲ್ಲ “ಆಗೋಯ್ತು ಅಕ್ಕ, ಒಂದು ಕೋಟ್ ಅಷ್ಟೇ” ಎನ್ನುತ್ತಿದ್ದ.

ಸಾಮಾನು ಸಾಗಿಸುವ ಹಿಂದಿನ ದಿನ ನಮ್ಮನ್ನೆಲ್ಲ ನೋಡಲು ಕರೆದ. ಸುಳ್ಳು ಯಾಕೆ ಹೇಳಲಿ, ಬಾಗಿಲಲ್ಲೇ ನಿಂತುಬಿಟ್ಟೆ. ಅದೇ ಮನೆಯಾ ಇದು? ಮಧ್ಯಾಹ್ನದ ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹರಿದಾಡುತ್ತಿತ್ತು. ಗುಬ್ಬಿ ಆಗಲೇ ಕಿಟಕಿಯ ಕೆಳಗೆ ಕೂತು “ಇದು ನನ್ನ ಜಾಗ” ಎಂದು ಹೇಳಿಯಾಗಿತ್ತು. ಅವಳಮ್ಮನ ಮುಖ ಮಾತ್ರ ಬಿಳಿಚಿಕೊಂಡಿತು.

“ಏನ್ರೀ ಇದು? ಸುಣ್ಣ ಬಳೀರಿ ಅಂದ್ರೆ…” ಎಂದು ಅವಳು ಬಾಯಿ ತೆಗೆಯುವಷ್ಟರಲ್ಲಿ ಓನರಮ್ಮ ಮೆಟ್ಟಿಲಿಳಿದು ಬಂದರು. ಹಿಂದೆ ಯಾರೋ ಗಂಡ ಹೆಂಡತಿ, ಅವರ ಕೈ ಹಿಡಿದು ಒಂದು ಮಗು.

“ನೋಡಿ, ನಾನು ಹೇಳಲಿಲ್ವಾ? ಹೊಸ ಮನೆ ಥರಾನೇ ಇದೆ” ಎಂದು ಅವರಿಗೆ ಹೇಳಿ, ಓನರಮ್ಮ ತಮ್ಮನ ಕಡೆ ತಿರುಗಿದರು. “ನೀನೇ ಹೇಳಪ್ಪ, ಇಂಥ ಮನೇನ ಆ ಬಾಡಿಗೆಗೆ ಯಾರಾದ್ರೂ ಕೊಡ್ತಾರಾ? ಅಡ್ವಾನ್ಸ್ ಏನೂ ನಾನು ತಗೊಂಡಿಲ್ಲ. ನಿನ್ನ ಕೂಲಿ, ಸಾಮಾನಿನ ಖರ್ಚು ಎಷ್ಟಾಯ್ತು ಹೇಳು, ಕೊಟ್ಟುಬಿಡ್ತೀನಿ. ಮೋಸ ಮಾಡೋಳಲ್ಲ ನಾನು.”

ನಾನು ಸುಮ್ಮನಿರುವ ಜಾತಿಯಲ್ಲ. ಬೀದಿಗೆ ಕೇಳುವ ಹಾಗೆ ಬಾಯಿ ಮಾಡಿದೆ. ಮಾತು ಕೊಟ್ಟಿದ್ದು ಮರೆತುಹೋಯಿತಾ ಅಂದೆ, ಮಗುವಿನ ಮುಖ ನೋಡಿ ಅಂದೆ. ಓನರಮ್ಮ “ನನಗೂ ಖರ್ಚಿರುತ್ತಲ್ಲಮ್ಮ” ಎಂದರೇ ಹೊರತು ಜಗ್ಗಲಿಲ್ಲ. ತಮ್ಮ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು, ಹೊರಡುವಾಗ ಏನು ಹೇಳಿದ ಗೊತ್ತೇ?

“ಅಮ್ಮಾ, ಆ ಮೂಲೆಯಲ್ಲಿ ಇನ್ನೊಂದು ಕೋಟ್ ಬಾಕಿ ಇದೆ. ನಾಳೆ ಬಂದು ಮುಗಿಸಿಕೊಡ್ತೀನಿ.”

ಅವನ ತಲೆಯ ಮೇಲೆ ಬಣ್ಣದ ಡಬ್ಬಿ ಸುರಿಯಬೇಕು ಅನ್ನಿಸಿತು. ಅವನ ಹೆಂಡತಿ ಗುಬ್ಬಿಯನ್ನು ಎಬ್ಬಿಸಿಕೊಂಡು ನಡೆದುಬಿಟ್ಟಳು. ಆಮೇಲೆ ಎಷ್ಟೋ ದಿನ ಅವರ ಮನೆಯಲ್ಲಿ ಗಂಡ ಹೆಂಡತಿಯ ಮಾತುಕತೆ ಗುಬ್ಬಿಯ ಮೂಲಕವೇ ನಡೆಯಿತು. “ನಿಮ್ಮಪ್ಪನಿಗೆ ಊಟಕ್ಕೆ ಬರೋಕೆ ಹೇಳು.” “ಹಸಿವಿಲ್ಲ ಅಂತ ನಿಮ್ಮಮ್ಮನಿಗೆ ಹೇಳು.”

ಶಾಲೆ ಶುರುವಾಗಲು ಇನ್ನೇನು ವಾರವಿದೆ ಅನ್ನುವಾಗ ಹಿಟ್ಟಿನ ಗಿರಣಿಯ ಮೇಲಿನ ಮನೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆಮನೆ. ಗಿರಣಿ ಓಡಿದರೆ ಪಾತ್ರೆಗಳು ತಾವೇ ಗಲಗಲ ಅನ್ನುತ್ತವೆ. ಗೋಡೆಯಂತೂ ದೇವರಿಗೇ ಪ್ರೀತಿ. ಗಾರೆ ಕಿತ್ತು ಇಟ್ಟಿಗೆ ಕಾಣುತ್ತದೆ, ಉಳಿದ ಕಡೆ ಯಾರದ್ದೋ ಎಣ್ಣೆ ತಲೆಯ ಗುರುತು. ಕಿಟಕಿಯಿಂದ ಶಾಲೆಯ ಗೇಟು ಮಾತ್ರ ಸ್ಪಷ್ಟ. ಈ ಸಲ ತಮ್ಮನ ಹೆಂಡತಿ ನೇರವಾಗಿ ಗಂಡನಿಗೇ ಹೇಳಿದಳು:

“ಬ್ರಷ್ಷು ಈ ಹೊಸಿಲು ದಾಟಿದರೆ ನಾನು ಇರಲ್ಲ.”

ಅವನ ಬ್ರಷ್ಷು, ಕೆರೆಯುವ ಪಟ್ಟಿ ಎಲ್ಲವನ್ನೂ ಗಂಟು ಕಟ್ಟಿ ತಂದು ನನ್ನ ಅಂಗಡಿಯ ಕಟಿಂಗ್ ಮೇಜಿನ ಕೆಳಗೆ ತಳ್ಳಿದಳು. ಕೆಲಸಕ್ಕೆ ಹೋಗುವಾಗ ಅವನು ಅಲ್ಲಿಂದ ಎತ್ತಿಕೊಳ್ಳಬೇಕು, ಸಂಜೆ ಅಲ್ಲೇ ಇಡಬೇಕು. ಅಟೆಂಡರ್ ಬಂದ, ಒಲೆ ನೋಡಿದ, ಹೋದ. ಗುಬ್ಬಿಗೆ ಸೀಟು ಸಿಕ್ಕಿತು. ನಾವು ಗೆದ್ದೆವು ಅನ್ನಬೇಕು. ಆದರೆ ನಾನು ಹೋದಾಗಲೆಲ್ಲ ತಮ್ಮ ಕಿಟಕಿಗೇ ಮುಖ ಮಾಡಿ ಕೂತಿರುತ್ತಿದ್ದ, ಗೋಡೆ ಕಣ್ಣಿಗೆ ಬೀಳದ ಹಾಗೆ. ಅವನನ್ನು ಹಾಗೆ ನೋಡಲು ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಸಂಜೆ ಅವನು ಇಟ್ಟುಹೋದ ಗಂಟಿನಲ್ಲಿ ಎಲ್ಲಕ್ಕಿಂತ ಸಣ್ಣ ಬ್ರಷ್ಷು ಕಾಣಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಮೊನ್ನೆ ಗುಬ್ಬಿಯ ಎರಡನೇ ಜೊತೆ ಯೂನಿಫಾರಂ ಹೊಲಿದು ತೆಗೆದುಕೊಂಡು ಹೋದೆ. ಮೂಲೆಯ ಗೋಡೆ ಬೀರು ತೆರೆದಿತ್ತು. ಅದರ ಮುಂದೆ ಚಾಪೆ ಹಾಕಿಕೊಂಡು ಹುಡುಗಿ ಬರೆಯುತ್ತಿದ್ದಳು. ಬೀರುವಿನ ಒಳಗೆ ನೋಡಿದೆ. ತಿಳಿ ಹಳದಿ. ಬೆರಳಿಟ್ಟರೆ ಜಾರುವಷ್ಟು ನುಣುಪು. ಪ್ರತಿ ಹಲಗೆಯ ಅಂಚಿಗೆ ಕೂದಲೆಳೆಯ ನೀಲಿ ಗೆರೆ. ಅಲ್ಲಿ ಗುಬ್ಬಿಯ ಪುಸ್ತಕಗಳು ಮಾತ್ರ ಇದ್ದವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ನನ್ನ ಮುಖ ನೋಡಿ ಮೆಲ್ಲಗೆ ಅಂದಳು:

“ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ ಅಕ್ಕ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಗಿರಣಿ ಯಜಮಾನ. ಗುಬ್ಬಿ ತಾನೇ ಎದ್ದು ಬೀರುವಿನ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಯಜಮಾನ ಒಳಗೆ ಬಂದು ನಾಲ್ಕೂ ಗೋಡೆಗಳನ್ನು ನೋಡಿದ.

“ಏನಯ್ಯ, ನೀನು ಪೇಂಟರ್ ಅಲ್ವಾ? ನೀನಿರೋ ಮನೇನೇ ಹೀಗೆ ಇಟ್ಕೊಂಡಿದ್ದೀಯಲ್ಲ, ಒಂದು ಕೈ ಬಣ್ಣ ಬಳಿಯೋಕೂ ಸೋಮಾರಿತನವಾ?”

ತಮ್ಮ ನೆಲ ನೋಡುತ್ತಾ ನಿಂತಿದ್ದ. ಗೋಡೆಯ ಒಂದು ಉಬ್ಬಿಗಾಗಿ ಊಟ ಬಿಟ್ಟವನು.

“ಹೌದು ಸಾರ್, ಸೋಮಾರಿ ನಾನು” ಅಂದ.

ಯಜಮಾನ ತಲೆ ಅಲ್ಲಾಡಿಸುತ್ತಾ ಹೊರಟ. ಅವನ ಕಾಲಿನ ಸದ್ದು ಪೂರ್ತಿ ಕೆಳಗಿಳಿಯುವವರೆಗೂ ಗುಬ್ಬಿ ಕಿವಿಗೊಟ್ಟು ನಿಂತಿದ್ದಳು. ಆಮೇಲೆ ಬೀರು ತೆಗೆದು ಬರೆಯಲು ಕೂತಳು.